ಹೆಸರು ಹಿಡಿದು ಅಳುವುದು

ಕಳೆದ ಭಾನುವಾರ ಬೆಳಿಗ್ಗೆ ಕಲಬುರ್ಗಿಯ ನಮ್ಮ ಜೇವರ್ಗಿ ಕಾಲೋನಿಯ ರಸ್ತೆಯಲ್ಲಿ ಗಾದಿ ಪಿಂಜುವವನೊಬ್ಬ ಬಂದ. ಸೈಕಲ್ಲಿಗೆ ಉದ್ದನೆಯ ಬಿಲ್ಲು ಕಟ್ಟಿಕೊಂಡಿದ್ದ. ಬಾಯಿ ತೆರೆದು ಕೂಗುವುದರ ಬದಲು ಮನೆಗೊಮ್ಮೆ ನಿಂತು ಬಿಲ್ಲಿನ ತಂತಿಯನ್ನು ಬೆರಳಿನಿಂದ ಮೀಟುತ್ತಿದ್ದ. ಈಗ ಜಗತ್ ವೃತ್ತದ ಕಡೆ ಹೋದರೆ ಯಂತ್ರದಲ್ಲಿ ಹತ್ತಿ ಪಿಂಜಿ ಒಂದು ಗಂಟೆಯೊಳಗೆ ಗಾದಿ ಕಟ್ಟಿಕೊಡುತ್ತಾರೆ. ಬಿಲ್ಲು ಹಿಡಿದು ಬರುವವರು ಅಪರೂಪ. ನಾನು ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. ಪತ್ರಿಕೆಯ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾದರೂ ಬೆಳಗಿನ ಪತ್ರಿಕೆಯನ್ನು ಕೈಯಲ್ಲಿ ಪೆನ್ಸಿಲ್ ಹಿಡಿದೇ ಓದುವ ಚಾಳಿ ನನಗೆ. ಯಾರೂ ಕೇಳದ ತಿದ್ದುಪಡಿಗಳನ್ನು ಅಂಚಿನಲ್ಲಿ ಮಾಡುತ್ತ ಹೋಗುತ್ತೇನೆ. ನನ್ನ ಹೆಂಡತಿ ಅದನ್ನು ಅಷ್ಟೇ ಶ್ರದ್ಧೆಯಿಂದ ರದ್ದಿಗೆ ಹಾಕುತ್ತಾಳೆ.

"ಏನ್ರೀ, ಅವನ್ನ ಕರೀರಿ," ಎಂದಳು ಆಕೆ ಒಳಗಿನಿಂದ. "ಗಾದಿ ಕಲ್ಲಾಗ್ಯದ. ದಿನಾ ಮುಂಜಾನಿ ಎದ್ದು ಬೆನ್ನು ಬೆನ್ನು ಅಂತ ಒದರಾವ್ರು ನೀವೇ."

ಕರೆದೆ. ಅವನು ಅಂಗಳದ ಬೇವಿನ ಕೆಳಗೆ ಚಾದರ ಹಾಸಿ, ನಮ್ಮ ಗಾದಿಯ ಹೊಲಿಗೆ ಬಿಚ್ಚಿ, ಬಿಲ್ಲನ್ನು ಭುಜದ ಮಟ್ಟಕ್ಕೆ ತೂಗಿ ಹಿಡಿದು, ಮರದ ಗುಂಡಿನಿಂದ ತಂತಿಗೆ ಹೊಡೆದ. ಟೊಂಯ್. ಮತ್ತೆ, ಟೊಂಯ್. ಹತ್ತಿ ಹಾಲಿನ ನೊರೆಯಂತೆ ಎದ್ದಿತು. ನಾನು ಪೆನ್ಸಿಲ್ ಹಿಡಿದುಕೊಂಡೇ ಎದ್ದು ಹೊರಗೆ ಬಂದು ನಿಂತೆ. ಯಾಕೆ ಎದ್ದೆ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಆ ನಾದವನ್ನು ನಾನು ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಇಷ್ಟು ಹತ್ತಿರದಿಂದ ಕೇಳಿರಲಿಲ್ಲ.

ನಿಮಗೆ ಈ ನಾದದ ಪರಿಚಯವಿಲ್ಲದಿದ್ದರೆ ಹೀಗೆ ತಿಳಿದುಕೊಳ್ಳಿ: ತಂಬೂರಿಗೆ ನೆಗಡಿಯಾದರೆ ಹೇಗೆ ಕೇಳೀತೋ ಹಾಗೆ. ಕಲಬುರ್ಗಿ ಹತ್ತಿರದ ಕಮಲಾಪುರದ ನಮ್ಮ ಓಣಿಯಲ್ಲಿ ದಿನ ಹುಟ್ಟುತ್ತಿದ್ದದ್ದೇ ಈ ನಾದದಿಂದ. ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಪಿಂಜಾರರ ಮನೆ. ಅಲ್ಲಿ ಇಮಾಂಬಿ ಕಾಕಿ ಮತ್ತು ಆಕೆಯ ಒಬ್ಬನೇ ಮಗ ಕಾಸೀಮ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮಗ ತಂದೆಯ ಬಿಲ್ಲು ಹಿಡಿದಿದ್ದ. ನನಗಿಂತ ಒಂದು ವರ್ಷ ದೊಡ್ಡವನು.

ನಮ್ಮ ಅಪ್ಪ ಕೆಂಪು ಬಾಳೆಯ ತೋಟ ಮಾಡುತ್ತಿದ್ದ. ಕಮಲಾಪುರದ ಆ ಬಾಳೆಯನ್ನು ನೀವು ತಿಂದಿರಬಹುದು. ಅಪ್ಪನ ಜೊತೆ ತೋಟದಲ್ಲಿ ದುಡಿಯುತ್ತಿದ್ದವನು ಅವನ ತಮ್ಮ, ನನ್ನ ಶರಣಪ್ಪ ಕಾಕಾ. ಅಣ್ಣ ತಮ್ಮ ಇಬ್ಬರೂ ಮೊಹರಮ್ಮಿನಲ್ಲಿ ರಿವಾಯತ ಪದ ಹಾಡುವವರು. ರಿವಾಯತ ಎಂದರೆ ಕರ್ಬಲದಲ್ಲಿ ಮಡಿದವರ ಶೋಕದ ಹಾಡು. ನಮ್ಮ ಕಡೆ ಅದನ್ನು ಕನ್ನಡದಲ್ಲೇ ಹಾಡುತ್ತಾರೆ. ಹಾಡುವವರ ಹಣೆಯಲ್ಲಿ ವಿಭೂತಿ ಇದೆಯೋ ಇಲ್ಲವೋ ಎಂದು ನೋಡುವ ರೂಢಿ ಇರಲಿಲ್ಲ. ಹಾಡಿಗೆ ಎರಡು ದನಿ ಬೇಕು. ಅಪ್ಪ ಮುಂದೆ ಎತ್ತುತ್ತಿದ್ದ, ಕಾಕಾ ಹಿಂದಿನಿಂದ ಸಾಲಿನ ಕೊನೆ ಹಿಡಿದು ಎಳೆಯುತ್ತಿದ್ದ. ಶ್ರುತಿಗೆ ಪೆಟ್ಟಿಗೆ ಗಿಟ್ಟಿಗೆ ಏನೂ ಇಲ್ಲ. ಕಾಸೀಮ ತನ್ನ ಮನೆಯಲ್ಲಿ ಹತ್ತಿ ಪಿಂಜುತ್ತಿದ್ದರೆ ಆ ಟೊಂಯ್ ಹಿಡಿದೇ ಕಾಕಾ ಈ ಕಡೆ ಕಟ್ಟೆಯ ಮೇಲೆ ಕುಳಿತು ದನಿ ಕೂಡಿಸುತ್ತಿದ್ದ.

"ಕಾಕಾ, ಹತ್ತಿ ಆಮ್ಯಾಲ ನೋಡೂಣು," ಎಂದು ಕಾಸೀಮ ಗೋಡೆಯಾಚೆಯಿಂದ ಕೂಗುತ್ತಿದ್ದ. "ಮೊದಲ ನಿಮ್ಮ ದನಿ ಪಿಂಜಬೇಕಾಗ್ಯದ."

"ಪಿಂಜಲೇ ಮಗನ. ಒಳಗ ಹತ್ತಿಕಾಳ ಭಾಳ ಸಿಕ್ಕಾವ!"

ಈ ಮಾತು ವರ್ಷಕ್ಕೆ ಹತ್ತು ಸಲವಾದರೂ ಆಗುತ್ತಿತ್ತು. ಪ್ರತಿ ಸಲವೂ ಇಬ್ಬರೂ ಹೊಸದೆಂಬಂತೆ ನಗುತ್ತಿದ್ದರು.

ಅವರು ಹಾಡುವ ಪದಗಳಲ್ಲಿ ಊರವರಿಗೆಲ್ಲ ಬೇಕಾದದ್ದು ಮದುಮಗನ ಪದ. ಮದುವೆಯ ದಿನವೇ ರಣಕ್ಕೆ ಹೋಗಿ ಮಡಿದ ಎಳೆಯ ಹುಡುಗನದು. ಅವನ ಹೆಸರೂ ಕಾಸೀಮ. ನಮ್ಮ ನೆರೆಮನೆಯವನಿಗೆ ಆ ಹೆಸರು ಬಂದದ್ದೂ ಅಲ್ಲಿಂದಲೇ. ಅದರ ಒಂದು ನುಡಿ ಹೀಗಿತ್ತು:

ಹಾಸ್ಯಾರ ಹಸಿಮಣಿ, ಹಂದರ ಬಾಡಿಲ್ಲ
ಮೀಸಿ ಮೂಡಿಲ್ಲ ಮಾರ್ಯಾಗ
ಬಾಸಿಂಗ ಬಿಚ್ಚದ ಬಯಲಿಗಿ ನಡದ್ಯಲ್ಲೊ
ಕಾಸೀಮ ನಮ್ಮ ಕೈ ಬಿಟ್ಟು

ಆಗ ನಮ್ಮದು ನಿಜಾಮರ ಸೀಮೆ. ನಾನು ಕಲಬುರ್ಗಿಗೆ ಓದಲು ಹೋಗಿ ಉರ್ದುವಿನಲ್ಲಿ ನಾಲ್ಕಕ್ಷರ ಕಲಿತು ಬಂದಿದ್ದೆ. ಒಂದು ರಜೆಯಲ್ಲಿ ಅಪ್ಪನಿಗೆ ಬುದ್ಧಿ ಹೇಳಲು ಹೋದೆ. ಅರಬರ ದೇಶದಲ್ಲಿ ಬಾಸಿಂಗ ಕಟ್ಟುವುದಿಲ್ಲ, ಹಂದರ ಹಾಕುವುದಿಲ್ಲ, ಈ ಪದದಲ್ಲಿ ಚರಿತ್ರೆಯ ತಪ್ಪುಗಳಿವೆ ಎಂದೆ. ಅಪ್ಪ ಬಾಳೆಯ ಸಸಿಗೆ ಮಣ್ಣು ಏರಿಸುತ್ತಿದ್ದವನು ತಲೆ ಎತ್ತದೆ, "ಲಗ್ನದ ಹುಡುಗ ಬಾಸಿಂಗ ಇಲ್ಲದ ಇರ್ತಾನೇನು? ಇಷ್ಟೂ ಕಲಸಲಿಲ್ಲೇನು ನಿಮ್ಮ ಸಾಲ್ಯಾಗ?" ಎಂದ. ಕಮಲಾಪುರದವರ ಕರ್ಬಲ ಹಾಗಿತ್ತು. ಅಲ್ಲಿ ಜೋಳದ ಹೊಲವಿತ್ತು, ಹಂದರವಿತ್ತು, ಅಳುವ ಅವ್ವಂದಿರಿದ್ದರು.

ಇನ್ನು ಹೇಳಬೇಕಾದದ್ದನ್ನು ಕಂಡಷ್ಟು ಮಾತ್ರ ಹೇಳುತ್ತೇನೆ.

ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಕಾಲದ ಕೊನೆಯ ಬೇಸಿಗೆಯಲ್ಲಿ ಅಪ್ಪ ಮತ್ತು ಶರಣಪ್ಪ ಕಾಕಾ ಬಂಡಿಯಲ್ಲಿ ಬಾಳೆಗೊನೆ ಹೇರಿಕೊಂಡು ಕಲಬುರ್ಗಿಯ ದಾರಿ ಹಿಡಿದಿದ್ದರು. ಎದುರಿಗೆ ಒಂದು ಲಾರಿ ಬಂತು. ಲಾರಿಯಲ್ಲಿದ್ದವರು ತಮ್ಮ ಮುಂದಾಳಿನ ಹೆಸರು ಹೇಳಿ ಜಯಕಾರ ಹಾಕುತ್ತಿದ್ದರು. ಆ ಮುಂದಾಳಿನ ಹೆಸರಿನಲ್ಲೂ ಪದದ ಮದುಮಗನ ಅದೇ ಮೂರಕ್ಷರ ಇತ್ತು. ಬಂಡಿಯನ್ನು ಪಕ್ಕಕ್ಕೆ ತೆಗೆಯಲಿಲ್ಲ ಎಂಬುದು ನೆಪ. ಅಪ್ಪ ನೀರಿಗೆಂದು ಹಳ್ಳಕ್ಕಿಳಿದಿದ್ದ. ಅವನು ಮೇಲೆ ಬರುವಷ್ಟರಲ್ಲಿ ಲಾರಿ ಹೋಗಿತ್ತು. ಕಾಕಾ ಗಾಲಿಯ ಪಕ್ಕದಲ್ಲಿ ಬಿದ್ದಿದ್ದ. ಅಪ್ಪ ನೋಡಿದ್ದು ಕಡಿಮೆ. ಕಿವಿಯಲ್ಲಿ ಉಳಿದದ್ದು ಆ ಜಯಕಾರ.

ಅದೇ ಬಂಡಿಯಲ್ಲಿ ಕಾಕಾನನ್ನು ಮನೆಗೆ ತಂದ. ನಮ್ಮ ಕಡೆ ಸಾವಿನ ಮನೆಗೆ ಬಂದ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರ ಹೆಸರು ಎತ್ತಿ ಕರೆದು, ಅವರ ಗುಣ, ಅವರ ಊಟ, ಅವರ ಸಿಟ್ಟು ಎಲ್ಲ ರಾಗದಲ್ಲಿ ಹೇಳುತ್ತಾರೆ. ಅದಕ್ಕೆ 'ಹೆಸರು ಹಿಡಿದು ಅಳುವುದು' ಎನ್ನುತ್ತಾರೆ. ಯಾರೂ ಹೆಸರು ಹಿಡಿಯದಿದ್ದರೆ ಸತ್ತವನಿಗೆ ತಾನು ಸತ್ತದ್ದೇ ತಿಳಿಯುವುದಿಲ್ಲ, ಹೊಸ್ತಿಲ ಹೊರಗೆ ನಿಂತಿರುತ್ತಾನೆ ಎಂದು ಹಿರಿಯರ ನಂಬಿಕೆ. ಆ ದಿನ ನನ್ನ ಅವ್ವನಿಗೆ ದನಿಯೇ ಹೊರಡಲಿಲ್ಲ. ಮೊದಲು ಹೆಸರು ಹಿಡಿದವಳು ಇಮಾಂಬಿ ಕಾಕಿ. "ಶರಣಪ್ಪಣ್ಣಾ, ಬಂಡಿ ಮನಿ ಮುಂದ ನಿಂತದ, ಯಾಕ ಇಳೀವಲ್ಲಿ? ನನ್ನ ಮಗನ ಬಿಲ್ಲಿಗಿ ದನಿ ಕೂಡಸಾವ್ರು ಯಾರೋ ಶರಣಪ್ಪಣ್ಣಾ..." ಓಣಿಯೇ ಅತ್ತಿತು. ಕಾಸೀಮ ಹೆಣಕ್ಕೆ ಹೆಗಲು ಕೊಟ್ಟ.

ಮಳೆಗಾಲ ಕಳೆಯುವ ಮೊದಲು ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ ಬಂತು. ನಿಜಾಮರ ಆಳ್ವಿಕೆ ಮುಗಿಯಿತು. ನಮ್ಮವರು ಬಾಗಿಲಿಗೆ ತೋರಣ ಕಟ್ಟಿದರು, ಕಟ್ಟಬೇಕಾದದ್ದೇ. ಅದೇ ವಾರ ಸೇಡಿಗೆ ಹೊರಟ ಮಂದಿ ಮುಸಲ್ಮಾನರ ಓಣಿಗಳಿಗೆ ನುಗ್ಗಿದಾಗ ಕಾಸೀಮ ಕಲಬುರ್ಗಿಯ ಶಹಾಬಜಾರದಲ್ಲಿದ್ದ. ಯಾರದೋ ಮದುವೆಗೆ ಗಾದಿ ಕಟ್ಟಿಕೊಡಲು ಹೋಗಿದ್ದವನು ಮರಳಿ ಬರಲಿಲ್ಲ.

ನಾನು ಆಗ ಶಹಾಬಜಾರದಲ್ಲೇ ಒಂದು ಸಣ್ಣ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದೆ. ಗದ್ದಲ ತಣ್ಣಗಾದ ಮೂರನೆಯ ದಿನ ಓಣಿಯೊಂದರಲ್ಲಿ ನಡೆದು ಹೋಗುವಾಗ ಒಂದು ಮುಚ್ಚಿದ ಅಂಗಡಿಯ ಮುಂದೆ ಹತ್ತಿ ಮಳೆಯಲ್ಲಿ ನೆನೆದು ನೆಲಕ್ಕೆ ಅಂಟಿಕೊಂಡಿತ್ತು. ಅದರ ಪಕ್ಕ ಬಿಲ್ಲೊಂದು ಬಿದ್ದಿತ್ತು, ತಂತಿ ಹರಿದಿತ್ತು. ಅದು ಕಾಸೀಮನದೇ ಎಂದು ನಾನು ಹೇಳಲಾರೆ. ಬಿಲ್ಲುಗಳೆಲ್ಲ ಒಂದೇ ತರಹ ಇರುತ್ತವೆ. ಅದನ್ನು ನಾನು ಇಮಾಂಬಿ ಕಾಕಿಗೆ ತಿಳಿಸಲಿಲ್ಲ. ಖಚಿತವಿಲ್ಲದ್ದನ್ನು ಹೇಳಬಾರದು ಎಂಬುದು ನಾನು ಕೊಟ್ಟುಕೊಂಡ ಕಾರಣ. ಅದು ಸುಳ್ಳು ಕಾರಣವಲ್ಲ. ಅದೊಂದೇ ಕಾರಣವೂ ಅಲ್ಲ.

ಆಕೆ ಮೊದಮೊದಲು ಸಂಜೆ ಹೊತ್ತು ಓಣಿಯ ತುದಿಗೆ ನಿಂತು ಮಗನನ್ನು ಕರೆಯುತ್ತಿದ್ದಳಂತೆ. "ಕಾಸೀಮಾ!" ಎಂದು. ಆದರೆ ಆ ತಿಂಗಳುಗಳಲ್ಲಿ ಆ ಹೆಸರು ಗಟ್ಟಿಯಾಗಿ ಕೇಳಿದರೆ ಊರವರಿಗೆ ರಜಾಕಾರರ ಜಯಕಾರ ನೆನಪಾಗುತ್ತಿತ್ತು. ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಮ್ಮ ಬಾಗಿಲೂ ಮುಚ್ಚಿತು; ಮುಚ್ಚಿದವಳು ನನ್ನ ಅವ್ವ. ಆಮೇಲೆ ಇಮಾಂಬಿ ಕಾಕಿ ಹೆಸರು ಹೇಳುವುದನ್ನು ಬಿಟ್ಟಳು. "ನನ್ನ ಮಗ" ಎನ್ನುತ್ತಿದ್ದಳು. ಹೆಣವಿಲ್ಲ, ಗೋರಿಯಿಲ್ಲ, ಹೆಸರೂ ಇಲ್ಲ.

ಆ ವರ್ಷದ ಮೊಹರಮ್ಮಿನಲ್ಲಿ ಕಮಲಾಪುರದಲ್ಲಿ ದೇವರು, ಎಂದರೆ ಪಂಜಾಗಳು, ಕೂಡಲಿಲ್ಲ. ಮರುವರ್ಷ ಹಿರಿಯರು ಸೇರಿ ಕೂಡಿಸುವುದೆಂದು ತೀರ್ಮಾನಿಸಿದರು. ಆದರೆ ಒಂದು ಅಂಜಿಕೆ ಇತ್ತು. ಹೊಸದಾಗಿ ಬಂದ ಪೊಲೀಸರು ದೂರದ ಸೀಮೆಯವರು. ಅವರಿಗೆ ಕನ್ನಡ ಬಾರದು, ನಮ್ಮ ಉರ್ದುವೂ ಸರಿಯಾಗಿ ತಿಳಿಯದು. ಪಕ್ಕದ ಊರೊಂದರಲ್ಲಿ ಹಾಡುಗಾರ ಮದುಮಗನ ಪದ ಹಾಡುತ್ತಿರುವಾಗ ಒಬ್ಬ ಜವಾನ ಆ ಹೆಸರೊಂದನ್ನೇ ಹಿಡಿದು, ಇವನು ರಜಾಕಾರರ ಮುಂದಾಳನ್ನು ಹೊಗಳುತ್ತಿದ್ದಾನೆಂದು ಠಾಣೆಯಲ್ಲಿ ಕೂರಿಸಿಕೊಂಡನಂತೆ.

"ಎಲ್ಲದಾನ ನಿನ್ನ ಕಾಸೀಮ?" ಎಂದು ತನ್ನ ಭಾಷೆಯಲ್ಲಿ ಕೇಳಿದನಂತೆ ಜವಾನ.

"ಕರ್ಬಲದಾಗ ಅದಾನ್ರಿ."

"ಅದು ಯಾವ ತಾಲೂಕು?"

ಇದು ನಾನು ಕಣ್ಣಾರೆ ಕಂಡದ್ದಲ್ಲ, ಊರಲ್ಲಿ ಕೇಳಿದ್ದು. ಹೇಳುವವರೆಲ್ಲ ನಗುತ್ತ ಹೇಳುತ್ತಿದ್ದರು, ಹೇಳಿ ಮುಗಿಸಿ ಹಿಂದೆ ಮುಂದೆ ನೋಡುತ್ತಿದ್ದರು.

ಹಬ್ಬಕ್ಕೆಂದು ನಾನು ರಜೆ ಹಾಕಿ ಊರಿಗೆ ಬಂದ ದಿನವೇ ಗೌಡರು ಹೇಳಿ ಕಳಿಸಿದರು. ಆ ಹೊತ್ತಿಗೆ ನಾನು ಕಲಬುರ್ಗಿಯ ಹೊಸ ಕನ್ನಡ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವವನಾಗಿದ್ದೆ. ಊರಿನಲ್ಲಿ ಅದಕ್ಕೆ ಎಡಿಟರ್ ಎಂದೇ ಅರ್ಥವಾಗಿತ್ತು, ನಾನೂ ತಿದ್ದಿರಲಿಲ್ಲ.

"ತಮ್ಮಾ," ಎಂದರು ಗೌಡರು, "ಮದುಮಗನ ಪದ ಇಲ್ಲದ ದೇವರು ಹೊಳಿಗಿ ಹೋಗಂಗಿಲ್ಲ. ಆದರ ಆ ಒಂದು ಹೆಸರ ಬ್ಯಾಡ. ಅದರ ಜಾಗಾದಾಗ ಮತ್ತೊಂದು ಇಡು. ದಿನಾ ತಿದ್ದಾವ ನೀನು, ನಿನಗೇನು ದೊಡ್ಡ ಮಾತು?"

ದೊಡ್ಡ ಮಾತೇನೂ ಆಗಲಿಲ್ಲ. ಅಪ್ಪನಿಗೆ ಓದು ಬಾರದು. ಪದಗಳನ್ನೆಲ್ಲ ಕಾಕಾ ಒಂದು ಉದ್ದನೆಯ ವಹಿಯಲ್ಲಿ ಬರೆದಿಟ್ಟಿದ್ದ. ಅದನ್ನು ತೆರೆದು ಕುಳಿತೆ. ಆ ನುಡಿಯ ನಾಲ್ಕು ಸಾಲಿಗೂ ಎರಡನೆಯ ಅಕ್ಷರ 'ಸ'ಕಾರದ್ದು: ಹಾಸ್ಯಾರ, ಮೀಸಿ, ಬಾಸಿಂಗ, ಕಾಸೀಮ. ಹೆಸರು ತೆಗೆದರೆ ಪ್ರಾಸ ಕೆಡುತ್ತದೆ. ಸ್ವಲ್ಪ ಯೋಚಿಸಿದ ಮೇಲೆ ಹೊಳೆಯಿತು: 'ಕೂಸಯ್ಯ'. ಎರಡನೆಯ ಅಕ್ಷರ ಅದೇ, ಗುರು ಗುರು ಲಘು ಅದೇ. ನೀಲಿ ಪೆನ್ಸಿಲ್ಲಿನಿಂದ ಕಾಸೀಮನ ಮೇಲೆ ಒಂದು ಗೆರೆ ಎಳೆದು ಮೇಲೆ 'ಕೂಸಯ್ಯ' ಎಂದು ಬರೆದೆ. ನನಗೆ ಬಹಳ ಹೆಮ್ಮೆಯಾಯಿತು. ಅರ್ಥವೂ ದೊಡ್ಡದಾಯಿತಲ್ಲ ಎಂದುಕೊಂಡೆ: ಒಬ್ಬ ಮದುಮಗನ ಜಾಗದಲ್ಲಿ ಲೋಕದ ಕೂಸು ಬಂದು ನಿಂತಿತು. ಇಪ್ಪತ್ತು ವರ್ಷದ ಹುಡುಗನಿಗೆ ಲೋಕ ಬಹಳ ಸುಲಭವಾಗಿ ಸಿಗುತ್ತದೆ.

ನಮ್ಮ ಸಂಪಾದಕರು ನನಗೆ ಕೆಲಸ ಕಲಿಸುವಾಗ ಎರಡು ಮಾತು ಹೇಳಿದ್ದರು. "ಹೆಸರ ತಪ್ಪಿದರ ಮನಶ್ಯಾನೇ ತಪ್ಪಿದಂಗ," ಎಂಬುದು ಒಂದು. ಇನ್ನೊಂದು ಕರಡು ತಿದ್ದುವ ಚಿಹ್ನೆಯದು. ಅಪ್ಪಿತಪ್ಪಿ ಒಳ್ಳೆಯ ಪದವೊಂದನ್ನು ಹೊಡೆದು ಹಾಕಿದ್ದರೆ ಅದನ್ನು ಮತ್ತೆ ಬರೆಯಬೇಕಿಲ್ಲ. ಅದರ ಕೆಳಗೆ ಸಾಲಾಗಿ ಚುಕ್ಕೆ ಇಟ್ಟರೆ ಸಾಕು. 'ಇದು ಇರಲಿ' ಎಂದು ಅದರ ಅರ್ಥ. ಎರಡು ಮಾತೂ ನನಗೆ ಬಾಯಿಪಾಠವಾಗಿದ್ದವು. ಆ ದಿನ ಒಂದೂ ನೆನಪಾಗಲಿಲ್ಲ.

ಮೊಹರಮ್ಮಿನ ಏಳನೆಯ ದಿನ ಮಧ್ಯಾಹ್ನ ತೋಟದಲ್ಲಿ ಅಪ್ಪನಿಗೆ ಹೊಸ ಸಾಲು ಓದಿ ಹೇಳುತ್ತಿದ್ದೆ. ಬದುವಿನ ಮೇಲೆ ಇಮಾಂಬಿ ಕಾಕಿ ಬಂದು ನಿಂತಳು. ಒಂದು ವರ್ಷದಲ್ಲಿ ಆಕೆ ನಮ್ಮ ತೋಟಕ್ಕೆ ಬಂದದ್ದು ಅದೇ ಮೊದಲು.

"ಓದಪಾ, ನಾನೂ ಕೇಳ್ತೀನಿ," ಎಂದಳು.

ಓದಿದೆ. ಪ್ರಾಸ ಕೆಡದಂತೆ ಹೇಗೆ ಕೂಡಿಸಿದೆ ಎಂಬುದನ್ನೂ ವಿವರಿಸಿದೆ ಎಂದು ಈಗ ನೆನೆದರೆ ಮುಖ ಎಲ್ಲಿ ಇಡಲಿ ಎನಿಸುತ್ತದೆ. ಆಕೆ ಪೂರ್ತಿ ಕೇಳಿದಳು.

"ಕೂಸಯ್ಯ ಅಂದ್ರ ಯಾರಪಾ?"

"ಯಾರೂ ಅಲ್ಲ ಕಾಕಿ. ಎಲ್ಲಾರ ಕೂಸು."

"ಎಲ್ಲಾರ ಕೂಸಿಗಿ ಎಲ್ಲಾರೂ ಅಳ್ತಾರ," ಎಂದಳು. "ನನ್ನ ಮಗಗ ಯಾರು ಅಳ್ತಾರ?"

ನಾನು ವಹಿ ಮುಚ್ಚಿದೆ. ಆಕೆ ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು.

"ಅಣ್ಣಾ, ನನಗ ಮಣ್ಣು ಕೊಡಾಕ ಹೆಣ ಸಿಗಲಿಲ್ಲ. ಓಣ್ಯಾಗ ನಿಂತು ಕರದರ ಮಂದಿ ಬಾಗಲಾ ಹಾಕ್ತಾರ. ಈ ಪದದಾಗ ಒಂದs ಸಲ ಆ ಹೆಸರ ಬರ್ತದ. ಅದು ಬಂದಾಗ ನಾನು ಅಳ್ತೀನಿ. ಮಂದಿ ಇಮಾಮರಿಗಿ ಅಳಾಕತ್ತಾಳ ಅಂತ ತಿಳೀಲಿ. ಅಷ್ಟs ಸಾಕು."

ಅಪ್ಪ ಕುಡುಗೋಲನ್ನು ಕೆಳಗಿಟ್ಟ. ಮಾತು ಬೇಗ ಬರುವ ಮನುಷ್ಯನಲ್ಲ ಅವನು.

"ಪೊಲೀಸರ ಅಂಜಿಕಿ ನನಗಿಲ್ಲ ಇಮಾಂಬಿ," ಎಂದ. "ಶರಣ್ಯಾನ್ನ ಕೊಂದವರ ಬಾಯಾಗ ಇದೇ ಹೆಸರಿತ್ತು. ಹಾಡಾಕ ಬಾಯಿ ತೆಗದರ ಆ ಲಾರಿ ಬರ್ತದ. ನಾ ಹ್ಯಾಂಗ ಅನ್ಲಿ, ನೀನs ಹೇಳು."

ಆಕೆ ಬದುವಿನ ಮೇಲೆ ಕುಳಿತಳು.

"ಹೌದು ಅಣ್ಣಾ," ಎಂದಳು. "ನಿನ್ನ ಗಂಟಲ ನಿನಗ ಗೊತ್ತು. ಆದರ ನಿನ್ನ ತಮ್ಮಗ ಮೊದಲ ಹೆಸರ ಹಿಡದಾಕಿ ನಾನು. ಅವಾ ಹೊಸ್ತಲದಾಗ ನಿಂದರಬಾರದು ಅಂತ ಹಿಡದೆ. ನನ್ನ ಮಗ ಇನ್ನಾ ಅಲ್ಲೇ ನಿಂತಾನ."

ಅಪ್ಪ ಎದ್ದು ಹೋಗಿ ಹಣ್ಣಾದ ಒಂದು ಹಣಿಗೆ ಕೆಂಪು ಬಾಳೆ ಕೊಯ್ದು ತಂದು ಆಕೆಯ ಸೆರಗಿಗೆ ಹಾಕಿದ. ಆಕೆ ತೆಗೆದುಕೊಂಡಳು. ಒಲ್ಲೆ ಎಂದು ಬಿಟ್ಟು ಹೋಗುವಷ್ಟು ಸಿಟ್ಟು ಆಕೆಗೆ ಇರಲಿಲ್ಲ; ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತು. ಎಂಟನೆಯ ದಿನ, ಒಂಬತ್ತನೆಯ ದಿನ ಅಪ್ಪ ನೀರು ಹಾಯಿಸುತ್ತ 'ಕೂಸಯ್ಯ' ಎಂದು ಗುಣುಗುಣಿಸುವುದು ಕೇಳುತ್ತಿತ್ತು. ದನಿ ಕೂಡುತ್ತಿರಲಿಲ್ಲ. ನಡುವೆ ನಿಂತು ಗೋಡೆಯಾಚೆಯ ಬಿಲ್ಲಿಗೆ ಕಿವಿಗೊಟ್ಟವನಂತೆ ತಲೆ ವಾಲಿಸುತ್ತಿದ್ದ.

ಹತ್ತನೆಯ ದಿನ ಇಳಿಹೊತ್ತಿಗೆ ದೇವರು ಹೊರಟವು. ಬೆಳ್ಳಿಯ ಪಂಜಾಗಳಿಗೆ ಹೂವು, ಹಸಿರು ಬಟ್ಟೆ, ಲೋಬಾನದ ಹೊಗೆ. ದಾರಿಯ ಎರಡೂ ಕಡೆ ತೊಗರಿ ಹೂವಾಗಿತ್ತು. ಹಳ್ಳದ ದಂಡೆಯ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ನಿಂತರು. ಬೇವಿನ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು ಒಬ್ಬ ಜವಾನ ಕುಳಿತಿದ್ದ. ಹೆಂಗಸರ ಸಾಲಿನಲ್ಲಿ ಇಮಾಂಬಿ ಕಾಕಿ ಕೊನೆಯಲ್ಲಿದ್ದಳು, ನನ್ನ ಅವ್ವ ಮೊದಲಲ್ಲಿದ್ದಳು.

ಅಪ್ಪ ಎಡಗೈಯಿಂದ ಕಿವಿ ಮುಚ್ಚಿಕೊಂಡು ಎತ್ತಿದ. 'ಹಾಸ್ಯಾರ ಹಸಿಮಣಿ' ಎಂದ. ಸಾಲಿನ ಕೊನೆಗೆ ಬಂದಾಗ ಎರಡನೆಯ ದನಿಗೆ ಜಾಗ ಬಿಟ್ಟ, ರೂಢಿಯಂತೆ. ಅಲ್ಲಿ ಯಾರೂ ಇರಲಿಲ್ಲ. ಎರಡನೆಯ ಸಾಲಿಗೂ ಹಾಗೆಯೇ ಜಾಗ ಬಿಟ್ಟ. ಕಾಕಾ ಇಲ್ಲ ಎಂಬುದನ್ನು ಆ ಖಾಲಿ ಜಾಗದಲ್ಲಿ ಊರೆಲ್ಲ ಕೇಳಿತು. 'ಬಾಸಿಂಗ ಬಿಚ್ಚದ ಬಯಲಿಗಿ ನಡದ್ಯಲ್ಲೊ' ಎಂದು ಮೂರನೆಯದನ್ನು ಮುಗಿಸಿ ಅಪ್ಪ ನಿಂತುಬಿಟ್ಟ. ಮರೆತನೆಂದು ತಿಳಿದು ನಾನು ವಹಿ ಹಿಡಿದುಕೊಂಡು ಹತ್ತಿರ ಹೋಗಿ ಮೆಲ್ಲಗೆ, "ಕೂಸಯ್ಯ... ಕೂಸಯ್ಯ..." ಎಂದೆ. ಅವನು ನನ್ನತ್ತ ನೋಡಲಿಲ್ಲ. ಲಾರಿ ಬಂದಿತ್ತು ಎಂದು ಈಗ ನನಗೆ ಅನಿಸುತ್ತದೆ. ಅದು ದಾಟಿ ಹೋಗುವವರೆಗೆ ಅವನು ಕಾದ.

ಆಮೇಲೆ ಹಾಡಿದ: 'ಕಾಸೀಮ.'

ಹೆಂಗಸರ ಸಾಲಿನ ಕೊನೆಯಿಂದ ಒಂದು ದನಿ ಎದ್ದಿತು. ಎದ್ದ ಕೂಡಲೆ ಎಲ್ಲರಿಗೂ ತಿಳಿಯಿತು, ಇದು ಇಮಾಮರಿಗಾಗಿ ಅತ್ತದ್ದಲ್ಲ ಎಂದು. "ಕಾಸೀಮಾ, ಗಾದಿ ಕಟ್ಟಾಕ ಹೋದಾವ ಎಲ್ಲಿ ಮಲಗೀದ್ಯೋ ನನ್ನ ಕಾಸೀಮಾ..." ಅಪ್ಪ ಹಾಡನ್ನು ನಿಲ್ಲಿಸಲಿಲ್ಲ. ಆ ಒಂದು ಸಾಲನ್ನೇ ಮತ್ತೆ ಮತ್ತೆ ಎತ್ತಿದ. ಆಕೆ ಪ್ರತಿ ಸಲವೂ ಸಾಲಿನ ಕೊನೆಯಲ್ಲಿ, ಕಾಕಾನ ಖಾಲಿ ಜಾಗದಲ್ಲಿ ಬಂದು ಸೇರಿದಳು. ಎರಡು ದನಿಗೂ ಶ್ರುತಿ ಹೇಗೆ ಕೂಡಿತೋ ನನಗೆ ಗೊತ್ತಿಲ್ಲ. ಕೊನೆಗೆ ಆಕೆ ದನಿ ಇಳಿಸಿ, ಎದುರಿಗೆ ಇರುವವರನ್ನು ಕರೆದಂತೆ ಕರೆದಳು: "ಶರಣಪ್ಪಣ್ಣಾ, ನೀ ಮೊದಲ ಹೋದಾವ, ದಾರಿ ಬಲ್ಲಿ. ಹುಡುಗಗ ಅಲ್ಲಿ ಯಾರೂ ಗುರ್ತಿಲ್ಲ. ಕೈ ಹಿಡೀಪಾ ಅಣ್ಣಾ."

ನನ್ನ ಅವ್ವ ಸಾಲು ಬಿಟ್ಟು ನಡೆದು ಬಂದು ಆಕೆಯ ಪಕ್ಕದಲ್ಲಿ ಕುಸಿದು ಕುಳಿತಳು. ಬಾಗಿಲು ಹಾಕಿದ ಕೈಯಿಂದಲೇ ಆಕೆಯ ತಲೆ ಹಿಡಿದುಕೊಂಡು, ಗಟ್ಟಿಯಾಗಿ, ಊರಿಗೆಲ್ಲ ಕೇಳುವಂತೆ, "ಕಾಸೀಮಾ" ಎಂದಳು.

ಜವಾನ ಸ್ಟೂಲಿನಿಂದ ಎದ್ದು ನನ್ನ ಹತ್ತಿರ ಬಂದ. ಕೈಯಲ್ಲಿ ವಹಿ ಇದ್ದವನು ನಾನೊಬ್ಬನೇ, ತಿಳಿದವನೆಂದು ಕಂಡಿರಬೇಕು. "ಕೌನ್ ಮರಾ?" ಎಂದು ಕೇಳಿದ. ಯಾರು ಸತ್ತರು ಎಂದು.

"ಉಸ್ ಕಾ ಬೇಟಾ," ಎಂದೆ, ಆಕೆಯ ಮಗ.

"ನಾಮ್?"

ದನಿಯಲ್ಲಿ ಗದರಿಕೆ ಏನೂ ಇರಲಿಲ್ಲ. ಸಾವಿನ ಮನೆಯ ಮುಂದೆ ಹಾದುಹೋಗುವವರು ಕೇಳುವಂತೆ ಕೇಳಿದ. ಅಪ್ಪ ಆಗಷ್ಟೇ ಹಳ್ಳದ ದಂಡೆಯ ತುಂಬ ಹಾಡಿದ್ದ ಮೂರಕ್ಷರ. ನಾನು, "ಪತಾ ನಹೀ," ಎಂದೆ. ಗೊತ್ತಿಲ್ಲ.

ಅವನು ನನ್ನನ್ನು ಒಮ್ಮೆ ನೋಡಿದ. ಸ್ಟೂಲನ್ನು ಎತ್ತಿಕೊಂಡು ಬಿಸಿಲಿಗೆ ಹೋದ. ಕೈಸನ್ನೆ ಮಾಡಿ ಆ ಇಬ್ಬರು ಹೆಂಗಸರನ್ನು ಬೇವಿನ ನೆರಳಿಗೆ ಕರೆದ. ಅಷ್ಟೇ. ಯಾರನ್ನೂ ಕೂರಿಸಿಕೊಳ್ಳಲಿಲ್ಲ, ಏನನ್ನೂ ಬರೆದುಕೊಳ್ಳಲಿಲ್ಲ.

ಬರೆದವನು ನಾನು. ಮರುವಾರದ ಪತ್ರಿಕೆಯಲ್ಲಿ ನಾಲ್ಕು ಸಾಲು: ಕಮಲಾಪುರದಲ್ಲಿ ಮೊಹರಂ ಆಚರಣೆ ಶಾಂತರೀತಿಯಿಂದ ನಡೆಯಿತು, ಉಭಯ ಸಮಾಜದವರು ಭಾಗವಹಿಸಿದ್ದರು. ಅದರಲ್ಲಿ ಒಂದೂ ಅಕ್ಷರದೋಷವಿರಲಿಲ್ಲ. ಆಮೇಲೆ ಕೆಲಸದಲ್ಲಿದ್ದಷ್ಟು ಕಾಲವೂ ಹಾಗೆಯೇ ಬರೆದೆ. ಎಲ್ಲೆಲ್ಲಿ ಎರಡು ಕಡೆಯವರು ಸತ್ತರೋ ಅಲ್ಲೆಲ್ಲ 'ಉಭಯ ಸಮಾಜ' ಎಂದೆ, 'ಮಾನವೀಯತೆ' ಎಂದೆ. ಅವೆಲ್ಲ ಕೂಸಯ್ಯನ ತಮ್ಮಂದಿರು ಎಂದು ನನಗೆ ಹೊಳೆಯಲಿಲ್ಲ. ಹೈದರಾಬಾದ್ ರಾಜ್ಯ ಹೋಯಿತು, ನಾವು ಕನ್ನಡದ ರಾಜ್ಯಕ್ಕೆ ಸೇರಿದೆವು, ಕಲಬುರ್ಗಿ ಬೆಳೆಯಿತು. ಇಮಾಂಬಿ ಕಾಕಿ ಇನ್ನೂ ಕೆಲವು ವರ್ಷ ಬದುಕಿದ್ದಳು. ಆಕೆ ತೀರಿಕೊಂಡ ದಿನ ಮೊದಲು ಹೆಸರು ಹಿಡಿದವಳು ನನ್ನ ಅವ್ವ. ಶಹಾಬಜಾರದ ಬಿಲ್ಲಿನ ಸಂಗತಿಯನ್ನು ನಾನು ಕಾಕಿಗೆ ಕೊನೆಯವರೆಗೂ ಹೇಳಲಿಲ್ಲ.

ಭಾನುವಾರ ಗಾದಿಯವನು ಕೆಲಸ ಮುಗಿಸಿ ಚಹಾ ಕುಡಿಯುತ್ತ, "ನಿಮ್ಮ ಗಾದ್ಯಾಗ ಹತ್ತಿಕಿಂತ ಕಾಳs ಭಾಳ ಇದ್ದವು ನೋಡ್ರಿ ಸಾಬ್," ಎಂದು ನಕ್ಕ. ನಾನು ನಗಲು ಹೋಗಿ ಆಗದೆ ಒಳಗೆ ಬಂದೆ. ಕಪಾಟಿನ ಕೆಳಗಿನ ಅರೆಯಲ್ಲಿ ಕಾಕಾನ ವಹಿ ಇತ್ತು. ಅಪ್ಪ ಹೋದ ಮೇಲೆ ನನ್ನ ಪಾಲಿಗೆ ಬಂದದ್ದು ಅದು. ಪುಟ ಹುಡುಕುವುದು ಕಷ್ಟವಾಗಲಿಲ್ಲ. ಕಾಕಾನ ಮಸಿ ಕಂದು ಬಣ್ಣಕ್ಕೆ ತಿರುಗಿದೆ. ನನ್ನ ನೀಲಿ ಗೆರೆ ಮಾತ್ರ ನಿನ್ನೆ ಎಳೆದಂತಿದೆ. ಗೆರೆಯ ಕೆಳಗೆ ಹೆಸರು ಸ್ಪಷ್ಟವಾಗಿ ಓದಲು ಬರುತ್ತದೆ. ಪ್ರೂಫ್ ತಿದ್ದುವವನ ಗೆರೆ ಎಷ್ಟಾದರೂ ತೆಳ್ಳಗಿರುತ್ತದೆ.

ಬೆಳಿಗ್ಗೆಯಿಂದ ಕೈಯಲ್ಲೇ ಇದ್ದ ಪೆನ್ಸಿಲ್ಲಿನಿಂದ ಆ ಹೆಸರಿನ ಕೆಳಗೆ ಮೂರು ಚುಕ್ಕೆ ಇಟ್ಟೆ. ಅಕ್ಷರಕ್ಕೊಂದು. ಆಮೇಲೆ ಆ ನಾಲ್ಕು ಸಾಲನ್ನು ಒಮ್ಮೆ ಬಾಯಿಬಿಟ್ಟು ಅಂದುಕೊಂಡೆ. ನನಗೆ ರಾಗ ಬಾರದು, ಅಪ್ಪನ ದನಿ ನನಗೆ ಇಳಿದು ಬರಲಿಲ್ಲ. ಆದರೂ ಹೊರಗೆ ಗಾದಿಯವನು ಬಿಲ್ಲನ್ನು ಸೈಕಲ್ಲಿಗೆ ಕಟ್ಟುವಾಗ ತಂತಿ ಒಂದು ಸಲ ಮಿಡಿಯಿತು, ನನ್ನ ದನಿ ಅದನ್ನು ಹಿಡಿಯಲು ಹೋಯಿತು, ನಾಲ್ಕನೆಯ ಸಾಲಿನಲ್ಲಿ ಒಡೆಯಿತು.

ನನ್ನ ಹೆಂಡತಿ ಬಾಗಿಲಿಗೆ ಬಂದು ನಿಂತಳು. "ಏನ್ರೀ ಇದು? ಯಾರಿಗಿ ಅಳಾಕತ್ತೀರಿ?"

ನಾನು ಹೆಸರು ಹೇಳಿದೆ.